ಲಂಟಾನದ ರಾಶಿ ಕರಗಿದ ಬಗೆ

ಗೊತ್ತಿಲ್ಲದವರು ತಪ್ಪು ಮಾಡಿದರೆ ಲೋಕ ಕ್ಷಮಿಸುತ್ತದೆ, ಗೊತ್ತಿದ್ದವರು ಮಾಡಿದರೆ ಬೈಯುತ್ತದೆ. ಆದರೆ ಗೊತ್ತಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ತಪ್ಪು ಮಾಡಿದರೆ ಲೋಕ ಕ್ಷಮಿಸುವುದೂ ಇಲ್ಲ, ಬೈಯುವುದೂ ಇಲ್ಲ. ಕುರ್ಚಿ ಹಾಕಿಕೊಂಡು ಕೂತು ನೋಡುತ್ತದೆ. ನಾನು ಈ ಮೂರನೆಯ ಪಂಗಡಕ್ಕೆ ಸೇರಿದವಳು. ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಬೆಂಕಿ ಹೊತ್ತಬೇಕಾದರೆ ಉರಿಯುವ ವಸ್ತು, ಗಾಳಿ, ಶಾಖ ಮೂರೂ ಸೇರಬೇಕು, ಒಂದನ್ನು ತೆಗೆದರೂ ಬೆಂಕಿ ಸತ್ತಂತೆ ಎಂದು ಇಪ್ಪತ್ತೆರಡು ವರ್ಷದಿಂದ ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆಯುತ್ತ ಬಂದಿದ್ದೇನೆ. ಆ ತ್ರಿಕೋನದ ಒಂದು ಮೂಲೆ ನನ್ನ ಹಿತ್ತಲಲ್ಲೇ ಎದೆಮಟ್ಟ ಬೆಳೆದು, ಒಣಗಿ, ಕಡ್ಡಿ ಗೀರುವವರನ್ನು ಕಾಯುತ್ತ ನಿಂತಿದೆ ಎಂಬುದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

ನಮ್ಮ ಮನೆ ಇರುವುದು ಚಂದ್ರಗುತ್ತಿಗೆ ಹೋಗುವ ರಸ್ತೆಯ ಪಕ್ಕ, ಒಂದು ಸಣ್ಣ ಗುಡ್ಡದ ಬುಡದಲ್ಲಿ. ಗುಡ್ಡದ ತುಂಬ ಅಕೇಶಿಯಾ ನೆಡುತೋಪು. ಗುಡ್ಡಕ್ಕೂ ನಮ್ಮ ಗೋಡೆಗೂ ನಡುವೆ ಹಿತ್ತಲು. ಹಿತ್ತಲ ತುಂಬ ಲಂಟಾನದ ಮಟ್ಟಿ, ಒಣಹುಲ್ಲು, ಗಾಳಿಗೆ ಬಂದು ಬಿದ್ದ ಎಲೆ. ಬಲಗಡೆ ಮನೆ ಪಾರ್ವತಕ್ಕನದು. ಎಪ್ಪತ್ತರ ಹತ್ತಿರದ ಹೆಂಗಸು, ಮೂರು ಹಸು, ಎರಡು ಎಕರೆ ಗದ್ದೆ, ಒಂದು ಬಣವೆ ಅವರ ಆಸ್ತಿ. ಪ್ರತಿ ವರ್ಷ ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿತ್ತಲ ಅಂಚನ್ನು ಕೆರೆದು ಗುಡಿಸಿ ನೆಲ ಕಾಣುವ ಹಾಗೆ ಮಾಡುತ್ತಿದ್ದರು. ನಾನು ಬೇಲಿಯ ಈಚೆ ನಿಂತು, "ಪಾರ್ವತಕ್ಕಾ, ಪೊದೆ ಕಡಿಯಬಾರದು, ಅಲ್ಲಿ ಎಷ್ಟೊಂದು ಚಿಟ್ಟೆ ಇರುತ್ತವೆ, ಜೀವವೈವಿಧ್ಯ ಅಂತಾರೆ ಅದಕ್ಕೆ" ಎಂದು ಉಪದೇಶಿಸುತ್ತಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿ ಒಮ್ಮೆ ನನ್ನ ಮುಖ ನೋಡಿ ಮತ್ತೆ ಬಗ್ಗುತ್ತಿದ್ದರು.

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ನಾನು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಪಟಪಟ ಸದ್ದು ಕೇಳಿತು. ಯಾರದೋ ಮನೆಯಲ್ಲಿ ಸಂಡಿಗೆ ಕರಿಯುತ್ತಿದ್ದಾರೆ ಅಂದುಕೊಂಡೆ. ಸದ್ದು ಜಾಸ್ತಿಯಾದಾಗ, ಯಾರದೋ ಮದುವೆಯ ಪಟಾಕಿ ಇರಬೇಕು ಅಂದುಕೊಂಡೆ. ಎದ್ದು ಹಿಂಬಾಗಿಲು ತೆರೆದರೆ ಗುಡ್ಡ ಇರಲಿಲ್ಲ, ಹೊಗೆ ಇತ್ತು. ಹೊಗೆಯ ಕೆಳಗಿನಿಂದ ಕೆಂಪು ಅಂಚಿನ ಸೀರೆ ಎಳೆದುಕೊಂಡು ಬಂದ ಹಾಗೆ ಬೆಂಕಿ ಇಳಿಯುತ್ತಿತ್ತು. ಪಾರ್ವತಕ್ಕನ ಹಿತ್ತಲ ಅಂಚಿಗೆ ಬಂದದ್ದು ಅಲ್ಲಿ ತಿನ್ನಲು ಏನೂ ಸಿಗದೆ ನಿಂತಿತು. ನಿಂತು, ಆಚೀಚೆ ನೋಡಿ, ನನ್ನ ಜೀವವೈವಿಧ್ಯದ ಕಡೆ ತಿರುಗಿತು. ಊರವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಿಬಂದರು. ಪಾರ್ವತಕ್ಕನಂತೂ ಈ ವಯಸ್ಸಿನಲ್ಲಿ ನನ್ನ ಬೇಲಿ ಹಾರಿ ಬಂದು ಬಡಿದರು. ನಮ್ಮ ಬಚ್ಚಲ ಗೋಡೆಗೆ ಹತ್ತು ಹೆಜ್ಜೆ ಇದೆ ಎನ್ನುವಾಗ ಬೆಂಕಿ ಸತ್ತಿತು. ಅಷ್ಟು ಹೊತ್ತೂ ಮನೆಯ ಯಜಮಾನಿಯಾದ ನಾನು ಎಲ್ಲಿದ್ದೆ ಎಂದರೆ, ರಸ್ತೆಯ ಆಚೆ, ಉತ್ತರಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದೆ. ಬಂಗಾರ, ಮನೆಪತ್ರ, ಗ್ಯಾಸ್ ಸಿಲಿಂಡರು ಎಲ್ಲ ಒಳಗೇ ಇದ್ದವು. ಮಾರನೆಯ ದಿನ ಶಾಲೆಯಲ್ಲಿ ಮಕ್ಕಳು ಕಣ್ಣರಳಿಸಿ ಕೇಳಿದ ಮೊದಲ ಪ್ರಶ್ನೆ, "ಮಿಸ್, ಪೇಪರ್ ಎಲ್ಲ ಸುಟ್ಟೋದ್ವಾ?" ಇಲ್ಲ ಎಂದಾಗ ಆ ಮುಖಗಳಲ್ಲಿ ಕಂಡ ದುಃಖವನ್ನು ನಾನು ಇನ್ನೂ ಮರೆತಿಲ್ಲ.

ಹೆದರಿಕೆ ಮನುಷ್ಯನನ್ನು ಚುರುಕು ಮಾಡುತ್ತದೆ. ಅದೇ ವಾರ ಇಬ್ಬರು ಆಳು ಹಿಡಿದು ಬೆಂಕಿ ತಿಂದು ಉಳಿದ ಹಿತ್ತಲನ್ನು ಪೂರ್ತಿ ಕಡಿಸಿದೆ. ಎರಡು ದಿನದ ಕೆಲಸ. ಸಂಜೆ ಶಾಲೆಯಿಂದ ಬಂದು ನೋಡಿದರೆ ಹಿತ್ತಲು ಬೋಳಿಸಿದ ತಲೆಯ ಹಾಗೆ ಸ್ವಚ್ಛವಾಗಿತ್ತು. ನಿಟ್ಟುಸಿರು ಬಿಟ್ಟು ಎಡಗಡೆ ತಿರುಗಿದೆ. ಕಡಿದದ್ದನ್ನೆಲ್ಲ ತಂದು ಬಚ್ಚಲ ಗೋಡೆಗೆ ಒರಗಿಸಿ ಒಟ್ಟಿದ್ದರು. ನಿಂತಿದ್ದಾಗ ಎದೆಮಟ್ಟವಿದ್ದ ಮಟ್ಟಿ ಮಲಗಿದ ಮೇಲೆ ಹೆಂಚಿನ ಮಟ್ಟಕ್ಕೆ ಬಂದಿತ್ತು! ಇಷ್ಟೇ ಇಷ್ಟು ಹಿತ್ತಲೊಳಗೆ ಅಷ್ಟು ದೊಡ್ಡ ರಾಶಿ ಎಲ್ಲಿ ಅಡಗಿತ್ತೋ. ಗೋಡೆಯ ಆಚೆಯೇ ಬಚ್ಚಲೊಲೆ. ಅದರ ಹೊಗೆಗೂಡು ರಾಶಿಯ ನೆತ್ತಿಗೆ ಸರಿಯಾಗಿ ತೆರೆದುಕೊಂಡಿತ್ತು. ಪಾರ್ವತಕ್ಕ ಬೇಲಿಯ ಬಳಿ ಬಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಎಂತದು ಟೀಚರಮ್ಮಾ ಇದು? ಗುಡ್ಡದ ಬೆಂಕಿಗೆ ಮನೆ ಬಾಗ್ಲಲ್ಲೇ ಎಲೆ ಹಾಕಿ ಬಡ್ಸಿದಂಗಾತಲ್ಲ!"

ನನಗೆ ಅವಮಾನವಾಯಿತು. ಸರಿಯಾದ ಮಾತು ಬೇರೆಯವರ ಬಾಯಲ್ಲಿ ಬಂದರೆ ನನಗೆ ಯಾವಾಗಲೂ ಹಾಗೆಯೇ. ಆವತ್ತೇ ನಮ್ಮನೆಯವರ ಜೊತೆ ಸೇರಿ ರಾಶಿಯನ್ನು ಹಿತ್ತಲ ಮೂಲೆಗೆ ಸಾಗಿಸಿದೆ. ನಮ್ಮನೆಯವರು ಶಿಕಾರಿಪುರ ತಾಲ್ಲೂಕಿನವರು, ಈಸೂರಿನ ಹತ್ತಿರ. ಸೊರಬದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. ಮೋಟಾರು ಕೆಟ್ಟರೆ ಬಿಚ್ಚಿ ನೋಡುತ್ತಾರೆ, ಹೆಂಡತಿ ಸಿಟ್ಟಾದರೆ ಅಂಗಡಿಗೆ ಹೋಗುತ್ತಾರೆ.

ಆಮೇಲೆ ಶುರುವಾಯಿತು ನಿಜವಾದ ತಾಪತ್ರಯ. ಮಟ್ಟಿ ಕಡಿಯುವವರು ಬೇಕಾದಷ್ಟು ಸಿಗುತ್ತಾರೆ. ಕಡಿದ ಮಟ್ಟಿ ಬೇಕು ಎನ್ನುವವರು ಈ ಭೂಮಿಯ ಮೇಲೆ ಇಲ್ಲ. ಪಂಚಾಯಿತಿಯ ಕಸದ ಗಾಡಿಯನ್ನು ಅಡ್ಡಗಟ್ಟಿ ಕೇಳಿದೆ. ಡ್ರೈವರು ಇಳಿದು ಬಂದು ರಾಶಿಯನ್ನು ಒಂದು ಸುತ್ತು ಹಾಕಿದ. "ಇದು ಹಸಿ ಕಸಾನೋ ಒಣ ಕಸಾನೋ ಮೇಡಂ?" ಎಂದ. ಮೇಲೆ ಒಣಗಿದೆ, ಒಳಗೆ ಹಸಿ ಇದೆ ಎಂದೆ. "ಹಂಗಾದ್ರೆ ನಮ್ಮಲ್ಲಿ ಅದಕ್ಕೆ ಡಬ್ಬಿ ಇಲ್ಲ" ಎಂದು ಗಾಡಿ ಹತ್ತಿದ. ಆ ರಾಶಿಯ ಎದುರು ಅವನ ಗಾಡಿ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ ನನಗೇ ಪಾಪ ಅನ್ನಿಸಿತು. ಸುಟ್ಟೇಬಿಡೋಣ ಎಂದು ಫಾರೆಸ್ಟ್ ವಾಚರ್ ಹಾಲಪ್ಪನವರನ್ನು ಕೇಳಿದೆ. ಅವರು ಬೆಚ್ಚಿಬಿದ್ದರು.

"ಈಗ ಕಡ್ಡಿ ಗೀರ್ಬೇಡಿ ಮೇಡಂ, ನಿಮ್ಮ ದಮ್ಮಯ್ಯ. ಎರಡು ಮಳೆ ಬೀಳ್ಲಿ. ಅಲ್ಲೀತನ್ಕ ಮನೆಯಿಂದ ದೂರ, ಗುಡ್ಡದಿಂದ್ಲೂ ದೂರ, ಬಯಲಲ್ಲಿ ಸಣ್ಣ ಸಣ್ಣ ಗುಡ್ಡೆ ಮಾಡಿಡಿ. ಸುಡೋ ದಿನ ನಂಗೊಂದ್ ಮಾತು ಹೇಳಿ, ಬರ್ತೀನಿ."

ಹೇಳುವುದು ಸುಲಭ. ನಮ್ಮ ಹಿತ್ತಲಲ್ಲಿ ಮನೆಯಿಂದ ದೂರ ಹೋದರೆ ಗುಡ್ಡ, ಗುಡ್ಡದಿಂದ ದೂರ ಬಂದರೆ ಮನೆ. ಪಾರ್ವತಕ್ಕನ ಗದ್ದೆ ಕೊಯ್ಲು ಮುಗಿದು ಖಾಲಿ ಬಿದ್ದಿತ್ತು, ನಿಜ. ಆದರೆ "ಎಲೆ ಹಾಕಿ ಬಡಿಸಿದ" ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಅವರನ್ನು ಕೇಳಲು ನನ್ನ ಎಂ.ಎಸ್ಸಿ. ಒಪ್ಪಲಿಲ್ಲ. ಬಿಸಿಲು ದಿನದಿನಕ್ಕೆ ಏರುತ್ತಿತ್ತು, ರಾಶಿ ದಿನದಿನಕ್ಕೆ ಒಣಗುತ್ತಿತ್ತು. ರಸ್ತೆಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ನಾನು ಕಿಟಕಿಗೆ ಓಡಿ, ಅವರು ಸೇದಿ ಮುಗಿಸಿ ಕಾಲಲ್ಲಿ ಹೊಸಕುವ ತನಕ ಕಾವಲು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ತಾಳ್ಮೆ ತಪ್ಪಿ, ತಿಂಡಿ ತಿನ್ನುತ್ತಿದ್ದ ನಮ್ಮನೆಯವರ ಮೇಲೆ ಹರಿಹಾಯ್ದೆ.

"ರೀ, ಆ ರಾಶಿ ಅಲ್ಲಿಂದ ಮಾಯ ಆಗಬೇಕು. ಹೇಗೆ ಏನು ಅಂತ ನನ್ನ ಕೇಳಬೇಡಿ, ನನಗೆ ಹೇಳಲೂಬೇಡಿ!"

"ಆತು ಬಿಡು" ಎಂದು ಅವರು ಕೈ ತೊಳೆದರು. ಆ ಉತ್ತರವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮದುವೆಯಾದಾಗಿನಿಂದ ಎಲ್ಲ ಪ್ರಶ್ನೆಗೂ ಅವರ ಉತ್ತರ ಅದೇ.

ಅವರನ್ನು ನಂಬಿ ಕೂರುವವಳಲ್ಲ ನಾನು. ಸಗಣಿ, ಬೆಲ್ಲ, ಹುಳಿ ಮಜ್ಜಿಗೆ ಕಲಸಿ ಕೊಳೆಸಿದ ನೀರನ್ನು ಕಸದ ಮೇಲೆ ಚಿಮುಕಿಸಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಗೊಬ್ಬರ ಮಾಡುತ್ತವೆ ಎಂದು ಪಾಠದಲ್ಲೇ ಇದೆ. ಒಂದು ಡ್ರಮ್ಮಿನಲ್ಲಿ ಕಲಸಿ, ಪ್ರತಿ ಸಂಜೆ ಮೂಗು ಮುಚ್ಚಿಕೊಂಡು ರಾಶಿಯ ಮೇಲೆ ಸುರಿಯತೊಡಗಿದೆ. ನಾಲ್ಕನೆಯ ದಿನ ನೋಡುತ್ತೇನೆ, ರಾಶಿ ಒಂದು ಮೊಳ ಇಳಿದಿದೆ! ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಒಂದು ಕೋಲು ನೆಟ್ಟು ಗುರುತು ಹಾಕಿದೆ. ಮಾರನೆಯ ದಿನ ಮತ್ತೂ ಇಳಿದಿತ್ತು. ಲಂಟಾನದಂಥ ಗಟ್ಟಿ ಕಡ್ಡಿಯನ್ನು ಇಷ್ಟು ಬೇಗ ಜೀರ್ಣಿಸುವ ಜೀವಿಗಳು ನನ್ನ ಡ್ರಮ್ಮಿನಲ್ಲಿ ಹುಟ್ಟಿವೆ ಎಂದರೆ ಇದು ಸಾಮಾನ್ಯ ಸಂಗತಿಯೇ? ಒಂಬತ್ತನೇ ತರಗತಿಯಲ್ಲಿ ದೊಡ್ಡ ಚಾರ್ಟು ಅಂಟಿಸಿ, ದಿನಕ್ಕೊಂದು ಚುಕ್ಕಿ ಇಟ್ಟು, ರಾಶಿಯ ಎತ್ತರದ ನಕ್ಷೆ ಬರೆಸಿದೆ. ಗೆರೆ ಚಂದ್ರಗುತ್ತಿ ಗುಡ್ಡದ ಇಳಿಜಾರಿನಂತೆ ಇಳಿಯುತ್ತ ಹೋಯಿತು. ನಡುವೆ ಎರಡು ದಿನ ಮಾತ್ರ ಇಳಿಯದೆ ಅಡ್ಡಡ್ಡ ನಿಂತಿತ್ತು. ಯಾಕೆ ಮಿಸ್ ಎಂದು ಒಬ್ಬಳು ಕೇಳಿದಾಗ, ಆ ಎರಡು ದಿನ ಮೋಡ ಕವಿದಿತ್ತಲ್ಲ, ತಂಪಿಗೆ ಸೂಕ್ಷ್ಮಜೀವಿಗಳು ಮಂದವಾಗುತ್ತವೆ ಎಂದು ವಿವರಿಸಿದೆ. ಆ ಎರಡು ದಿನ ನಮ್ಮನೆಯವರು ಶಿಕಾರಿಪುರಕ್ಕೆ ತಮ್ಮ ಅಕ್ಕನ ಮನೆಗೆ ಹೋಗಿದ್ದರು ಎಂಬುದು ನನಗೆ ಆಗ ಮುಖ್ಯವೆನಿಸಲಿಲ್ಲ.

ಇನ್ನೊಂದು ಸಂತೋಷವೂ ಅದೇ ದಿನಗಳಲ್ಲಿ ಸೇರಿತ್ತು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ನಡೆಯಿರಿ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಹಾಸಿಗೆ ಬಿಟ್ಟು ಏಳದಿದ್ದ ನಮ್ಮನೆಯವರು ಈಗ ಆರು ಗಂಟೆಗೇ ಎದ್ದು ಹೋಗುತ್ತಿದ್ದರು. ಗಾಡಿಯ ಸದ್ದು ಕೇಳುತ್ತಿತ್ತು. ವಾಕಿಂಗಿಗೆ ಸ್ಕೂಟರ್ ಯಾಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಕೆರೆ ಏರಿಯವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಗಾಡಿ ಹತ್ತಿ ಬರುವುದಕ್ಕೇ ವಾಕಿಂಗ್ ಎನ್ನುತ್ತಾರೆ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಬೆವರಿ ಬರುತ್ತಿದ್ದರು. ಬಟ್ಟೆಗೆ ಮುಳ್ಳು ಅಂಟಿರುತ್ತಿತ್ತು. ಏರಿಯ ಮೇಲೆ ಎಷ್ಟು ಮುಳ್ಳು ಬೆಳೆದಿದೆ ಪಾಪ, ಅಂದುಕೊಂಡೆ.

ಮಾರ್ಚ್ ನಡುವೆ ಶಾಲೆಯಲ್ಲಿ ಕಾಡ್ಗಿಚ್ಚಿನ ಬಗ್ಗೆ ಒಂದು ತಿಳಿವಳಿಕೆ ಕಾರ್ಯಕ್ರಮ ಏರ್ಪಡಿಸಿದೆವು. ಏರ್ಪಡಿಸಿದವಳು ನಾನೇ, ನಿರೂಪಣೆ ನನ್ನದೇ, ಪ್ರಾಸ್ತಾವಿಕ ಮಾತೂ ನನ್ನದೇ. ಊರಿನ ಕೆಲವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಪಾರ್ವತಕ್ಕ ಕೂತಿದ್ದರು. ನಾನು ಚಾರ್ಟನ್ನು ಎತ್ತಿ ಹಿಡಿದು, ಕಡಿದ ಪೊದೆಯನ್ನು ಸುಡದೆ, ಎಲ್ಲೂ ಎಸೆಯದೆ, ವೈಜ್ಞಾನಿಕವಾಗಿ ವಿಲೇವಾರಿ ಮಾಡುವುದು ಹೇಗೆ ಎಂದು ನಲವತ್ತೈದು ನಿಮಿಷ ಮಾತಾಡಿದೆ. ಆಮೇಲೆ ಹಾಲಪ್ಪನವರ ಸರದಿ. ಅವರು ತಮ್ಮ ಮೊಬೈಲನ್ನು ಶಾಲೆಯ ದೊಡ್ಡ ಟಿ.ವಿ.ಗೆ ಜೋಡಿಸಿಕೊಂಡರು.

"ಮೇಡಂ ಹೇಳಿದ್ದು ಚೆನ್ನಾಗೈತೆ. ಆದ್ರೆ ಎಲ್ರೂ ಅವರಷ್ಟು ತಿಳ್ಕೊಂಡಿರಲ್ಲ. ಗುಡ್ಡದ ಬುಡದಲ್ಲಿ ಯಾರೋ ದಿನಾ ಬೆಳಿಗ್ಗೆ ಒಣ ಲಂಟಾನದ ಹೊರೆ ತಂದು ಬಿಸಾಕ್ತಿದಾರೆ. ಹತ್ತಿಪ್ಪತ್ತು ಹೊರೆ ಆಗೈತೆ. ಒಂದು ಬೀಡಿ ತುಂಡು ಸಾಕು. ನೆನ್ನೆ ದೂರದಿಂದ ಫೋಟೋ ತೆಗ್ದೆ, ಹತ್ರ ಹೋಗೋದ್ರೊಳಗೆ ಹೋಗ್ಬಿಟ್ರು. ಯಾರೋ ಹೆಣ್ಮಗಳು ಅನ್ಸುತ್ತೆ. ಗುರುತಿದ್ರೆ ಹೇಳಿ" ಎಂದು ಫೋಟೋ ಹಾಕಿದರು.

ನೇರಳೆ ಬಣ್ಣದ ಸ್ಕೂಟರ್. ಹಿಂದಿನ ಸೀಟಿನ ಮೇಲೆ ಲಂಟಾನದ ದೊಡ್ಡ ಹೊರೆ. ಹೊರೆಯನ್ನು ಬಿಗಿದದ್ದು ಹಳದಿ ಸೀರೆ. ಹೊರೆಯ ಮೇಲಿನಿಂದ ಕಾಣುವ ಗುಲಾಬಿ ಹೆಲ್ಮೆಟ್ಟು. ಏಳನೇ ಸಾಲಿನಿಂದ ಒಂದು ಸಣ್ಣ ದನಿ: "ಮಿಸ್, ನಿಮ್ಮ ಗಾಡಿ!" ಇನ್ನೊಂದು: "ಟೀಚರ್ಸ್ ಡೇ ಸೀರೆ!" ಮತ್ತೊಂದು: "ಹೆಲ್ಮೆಟ್ಟೂ ಮಿಸ್ಸದೇ!"

ಗಾಡಿ ನನ್ನದು, ಸೀರೆ ನನ್ನದು, ಹೆಲ್ಮೆಟ್ಟು ನನ್ನದು. ದೇವರಾಣೆ ಹೇಳುತ್ತೇನೆ, ನಿದ್ದೆಯಲ್ಲಿ ಎದ್ದು ಹೋಗಿ ನಾನೇ ಇದನ್ನು ಮಾಡುತ್ತಿದ್ದೇನೆಯೇ ಎಂದು ನನ್ನ ಮೇಲೆ ನನಗೇ ಅನುಮಾನ ಬಂತು. ಹಾಲಪ್ಪನವರ ಮುಖ ನನಗಿಂತ ಬಿಳಿಚಿತ್ತು. ಪರದೆಯಿಂದ ಫೋಟೋ ಸರಿಸಲು ಹೋಗಿ ಗಾಬರಿಯಲ್ಲಿ ಬೆರಳು ಜಾರಿಸಿದರು. ಅವರೂ ದೊಡ್ಡದು ಮಾಡಿ ನೋಡಿರದ ಮುಂದಿನ ಫೋಟೋ ಬಂತು. ಅದರಲ್ಲಿ ಆಕೃತಿ ಗಾಡಿಯಿಂದ ಇಳಿದು ನಿಂತಿತ್ತು. ತಲೆಗೆ ಗುಲಾಬಿ ಹೆಲ್ಮೆಟ್ಟು. ಸೊಂಟಕ್ಕೆ ಎತ್ತಿ ಕಟ್ಟಿದ ನೀಲಿ ಚೌಕಳಿ ಲುಂಗಿ. "ಮಿಸ್ ಅಲ್ಲ, ಸರ್ರು! ಮೋಟಾರ್ ಅಂಗಡಿ ಸರ್ರು!" ಎಂದು ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ನನ್ನ ಕೈಯಲ್ಲಿ ಇನ್ನೂ ಆ ಚಾರ್ಟು ಇತ್ತು. ಕೆಳಗಿಡಬೇಕೋ, ಮುಖಕ್ಕೆ ಮುಚ್ಚಿಕೊಳ್ಳಬೇಕೋ ತಿಳಿಯದೆ ಹಿಡಿದೇ ನಿಂತಿದ್ದೆ. ಚಾರ್ಟು ಬರೆದ ಹುಡುಗಿ ಮಾತ್ರ ನಗಲಿಲ್ಲ. ಬಹಳ ಕಳಕಳಿಯಿಂದ, "ಮಿಸ್, ಹಂಗಾದ್ರೆ ಸೂಕ್ಷ್ಮಜೀವಿ ಏನ್ ತಿಂದ್ವು?" ಎಂದು ಕೇಳಿದಳು.

ಮನೆಗೆ ಬಂದು ನಮ್ಮನೆಯವರನ್ನು ಹಿಡಿದು ನಿಲ್ಲಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನೀನ ಹೇಳಿದ್ದಿಯಲ್ಲ, ಮಾಯ ಆಗ್ಬೇಕು, ಹೆಂಗ ಅಂತ ಹೇಳಬ್ಯಾಡ ಅಂತ? ಹೇಳಿದಂಗ ಮಾಡೀನಿ" ಎಂದರು. ನನ್ನ ಹೆಲ್ಮೆಟ್ಟು ಯಾಕೆ ಎಂದರೆ, "ಗಾಡಿ ಹತ್ತಿದ್ ಮ್ಯಾಲೆ ಹೆಲ್ಮೆಟ್ ಹಾಕ್ಬೇಕಲ್ಲ" ಎಂದರು. ಕಾನೂನಿಗೆ ಎಷ್ಟು ಬೆಲೆ ಕೊಡುವ ಮನುಷ್ಯ! ಹಾಗಾದರೆ ನಾನು ದಿನಾ ಸುರಿದ ಸಗಣಿ ನೀರು ಏನಾಯಿತು ಎಂದು ಹಿತ್ತಲಿಗೆ ಹೋಗಿ ಉಳಿದ ರಾಶಿಯನ್ನು ಎತ್ತಿ ನೋಡಿದೆ. ಇನ್ನೊಂದು ಆಘಾತ ಕಾದಿತ್ತು. ಅಡಿಯಲ್ಲಿ ನೆಲಕ್ಕೆ ತಾಗಿದ್ದ ಲಂಟಾನದ ಕಡ್ಡಿಗಳೆಲ್ಲ ಬೇರು ಬಿಟ್ಟು, ತಿಳಿ ಹಸಿರು ಎಲೆ ಚಿಗುರಿಸಿದ್ದವು. ನನ್ನ ಸಂಸಾರದಲ್ಲಿ ನಾನು ಕೈಯಾರೆ ನೀರು ಗೊಬ್ಬರ ಹಾಕಿ ಬೆಳೆಸಿದ ಮೊದಲ ಗಿಡ ಅದು.

ಸಂಜೆ ಹಾಲಪ್ಪ, ನಮ್ಮನೆಯವರು, ನಾನು ಮೂವರೂ ಆ ಜಾಗ ನೋಡಲು ಹೋದೆವು. ಹಿಂದೆಯೇ ಪಾರ್ವತಕ್ಕ ಬಂದರು. ರಸ್ತೆ ತಿರುವಿನಲ್ಲಿ, ಅಕೇಶಿಯಾ ಮರಗಳ ಬುಡದಲ್ಲಿ, ನಮ್ಮ ಹಿತ್ತಲ ರಾಶಿ ಬಹುಪಾಲು ಬಂದು ಕೂತಿತ್ತು. ಅಲ್ಲಿಯವರೆಗೆ ನನಗೆ ಆಗಿದ್ದು ನಾಚಿಕೆ ಮಾತ್ರ. ಅಲ್ಲಿ ನಿಂತು ಕೆಳಗೆ ನೋಡಿದೆ. ಕೆಳಗೆ ಕಲ್ಲೆಸೆತದ ದೂರದಲ್ಲಿ ಪಾರ್ವತಕ್ಕನ ಬಣವೆ. ಬಣವೆಯ ಪಕ್ಕ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುಗಳು. ನಮ್ಮ ಮನೆ ಉಳಿಸಲು ಬೇಲಿ ಹಾರಿ ಬಂದ ಹೆಂಗಸಿನ ನೆತ್ತಿಯ ಮೇಲೆ ನಾವು ವಾರಗಟ್ಟಲೆ ಹೊರೆ ಹೊರೆಯಾಗಿ ಬೆಂಕಿಯನ್ನು ಒಟ್ಟಿದ್ದೆವು. ಅಷ್ಟು ಹೊತ್ತು "ಆತು ಬಿಡು" ಮುಖದಲ್ಲಿದ್ದ ನಮ್ಮನೆಯವರು ಲುಂಗಿ ಕೆಳಗಿಳಿಸಿ ತಲೆ ತಗ್ಗಿಸಿದರು. ಪಾರ್ವತಕ್ಕ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಮ್ಮ ಗದ್ದೆ ಖಾಲಿ ಬಿದ್ದಿತ್ತಲ್ಲ ಟೀಚರಮ್ಮಾ" ಎಂದರು ಮೆಲ್ಲಗೆ. "ಒಂದು ಮಾತು ಕೇಳಕ್ಕೆ ಆಗ್ಲಿಲ್ಲನ ನಿಮಗೆ?"

"ತಪ್ಪಾಯ್ತು ಪಾರ್ವತಕ್ಕಾ" ಎಂದೆ. ಆ ಎರಡು ಪದ ಲಂಟಾನದ ಮುಳ್ಳಿಗಿಂತ ಜೋರಾಗಿ ಕೆರೆದೇ ಹೊರಬಂದವು. ಅವರು ಆಗಲೇ ಸೆರಗು ಸಿಕ್ಕಿಸಿ ಮೊದಲ ಹೊರೆಗೆ ಕೈ ಹಾಕಿದ್ದರು.

ಎಲ್ಲವನ್ನೂ ವಾಪಸು ಇಳಿಸಲು ನಾಲ್ಕು ದಿನ ಹಿಡಿಯಿತು. ಗದ್ದೆಯ ನಡುವೆ ಹಾಕಿ ಪಾರ್ವತಕ್ಕ ನನಗೆ ಪಾಠ ಮಾಡಿದರು. ದಪ್ಪ ಕಡ್ಡಿ ಕಡಿದು ಹಂಡೆ ಒಲೆಗೆ, ಆದರೆ ಕೂಡಿಡುವುದು ಗೋಡೆಗೆ ತಾಗಿಸಿ ಅಲ್ಲ, ದೂರದ ಸೌದೆ ಮಾಡಿನಲ್ಲಿ. ಒಣ ಎಲೆ, ಹುಲ್ಲು ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿಗೆ, ಆಮೇಲೆ ತಿಪ್ಪೆಗೆ. ಲಂಟಾನದ ಎಲೆ ದನಕ್ಕೆ ವಿಷ ಎಂದು ನಾನು ಆರಿಸಿದ ಬುಟ್ಟಿಯನ್ನು ಅವರು ಮತ್ತೊಮ್ಮೆ ಸುರಿದು ಆರಿಸುತ್ತಿದ್ದರು. ಎಂ.ಎಸ್ಸಿ. ಮೇಲೆ ಅವರಿಗೆ ಉಳಿದಿದ್ದ ನಂಬಿಕೆ ಅಷ್ಟು. ಯಾವುದಕ್ಕೂ ಬಾರದ ಮುಳ್ಳುಕಡ್ಡಿ ಮಾತ್ರ ಸಣ್ಣ ಸಣ್ಣ ಗುಡ್ಡೆಯಾಗಿ ಗದ್ದೆಯ ನಡುವೆ ಮಳೆಗೆ ಕಾದವು. ಎರಡು ಮಳೆ ಬಿತ್ತು. ಹಾಲಪ್ಪನವರಿಗೆ ಹೇಳಿ ಕಳಿಸಿ, ಸುತ್ತ ನೀರಿನ ಡ್ರಮ್ಮು, ಹಸಿ ಕೊಂಬೆ ಎಲ್ಲ ಇಟ್ಟುಕೊಂಡು, ಎದೆ ಗಟ್ಟಿ ಮಾಡಿ ಮೊದಲ ಕಡ್ಡಿ ಗೀರಿದೆ. ಹೊತ್ತಲಿಲ್ಲ. ಎರಡನೆಯದು, ಹತ್ತನೆಯದು. ಒಂದು ಬೀಡಿ ತುಂಡಿಗೆ ಊರು ಸುಡಬಹುದು ಎಂದು ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದ್ದ ಅದೇ ಲಂಟಾನ ಒಂದು ಪೂರ್ತಿ ಬೆಂಕಿಪೊಟ್ಟಣಕ್ಕೂ ಜಗ್ಗದೆ ಬರೀ ಹೊಗೆ ಬಿಟ್ಟಿತು. ಕೊನೆಗೆ ಪಾರ್ವತಕ್ಕ ಒಣ ತೆಂಗಿನ ಗರಿ ತಂದು ಅಡಿಗೆ ಸೇರಿಸಿದ ಮೇಲೆ ಒಂದೊಂದೇ ಗುಡ್ಡೆ, ಒಂದು ಆರಿದ ಮೇಲೆ ಇನ್ನೊಂದು, ಮಧ್ಯಾಹ್ನದವರೆಗೆ ಸಾಧುವಾಗಿ ಉರಿದು ಬೂದಿಯಾದವು.

ಸುದ್ದಿ ಊರಿಂದ ಊರಿಗೆ ಹೋಯಿತು. ಈ ವರ್ಷ ಜನವರಿಯಲ್ಲಿ ಪಕ್ಕದ ಊರಿನ ಶಾಲೆಯಿಂದ ಫೋನು ಬಂತು. ಮಟ್ಟಿ ಕಡಿದ ಮೇಲೆ ಏನು ಮಾಡಬೇಕು ಎಂದು ಅನುಭವ ಇದ್ದವರು ಬಂದು ಮಕ್ಕಳಿಗೆ ಎರಡು ಮಾತು ಹೇಳಬೇಕಂತೆ. ನಾನು ಆಗಲೇ ಮನಸ್ಸಿನಲ್ಲಿ ಭಾಷಣ ಜೋಡಿಸಿಕೊಳ್ಳುತ್ತ, ಯಾವ ಸೀರೆ ಉಡುವುದು ಎಂದು ಯೋಚಿಸುತ್ತಿದ್ದೆ. ಅವರು ಕರೆದದ್ದು ನಮ್ಮನೆಯವರನ್ನು. ಜನರ ಮುಂದೆ ಬಾಯಿ ಬಿಟ್ಟು ಗೊತ್ತಿಲ್ಲದ ಈ ಮನುಷ್ಯ ಅಲ್ಲಿ ಹೋಗಿ ಏನು ಮಾತಾಡುತ್ತಾರೋ ಎಂದು ಅರ್ಧ ದಿನ ತಳಮಳಿಸಿದೆ. ಸಂಜೆ ಒಂದು ಶಾಲು, ಒಂದು ಹಾರ ಹಿಡಿದು ಬಂದರು.

"ಏನು ಮಾತಾಡಿದ್ರಿ?"

"ನಾ ಮಾಡಿದಂಗ ನೀವು ಮಾಡಬ್ಯಾಡ್ರಿ ಅಂದೆ."

"ಅಷ್ಟೇನಾ? ಅದಕ್ಕೆ ಶಾಲು ಹೊದಿಸಿದ್ರಾ?"

"ಅದಕ್ಕ ಎಲ್ರೂ ಸುಮ್ಮನ ಕುಂತಿದ್ರು" ಎಂದು ಅವರು ಶಾಲನ್ನು ನೀಟಾಗಿ ಮಡಿಸಿ ನನ್ನ ಕೈಗಿತ್ತರು. "ಆಮೇಲೆ, ಹೆಂಡ್ತಿ ಹೇಳಿದಂಗೂ ಮಾಡಬ್ಯಾಡ್ರಿ ಅಂದೆ. ಆಗ ಬಿತ್ತು ನೋಡು ಚಪ್ಪಾಳೆ."